ಒಂದು ಜಾಯ್‌ಸ್ಟಿಕ್, ಮೂರು ವೈರು, ಮತ್ತೆ ನನ್ನ ಜಂಬ...

ಬಹಳ ದಿನಗಳಾದವು ಈ ಕಡೆ ತಲೆ ಹಾಕಿ. ಇವತ್ತು ಕಥೆಯೂ ಅಲ್ಲ, ಕವನವೂ ಅಲ್ಲ, ವೈರಿಂಗ್ ಬಗ್ಗೆ ಒಂದು ಜಗಳ. ಅರ್ಧಕ್ಕೇ ಎದ್ದು ಹೋದರೂ ಬೇಜಾರಿಲ್ಲ :)

ಪೀಣ್ಯದಲ್ಲಿ ಗೆಳೆಯನೊಬ್ಬನ ಸಣ್ಣ ಶೆಡ್ ಇದೆ. ಅಲ್ಲಿ ತಗಡಿಗೆ ತೂತು ಹೊಡೆಯೋ ಎರಡು ಆಕ್ಸಿಸ್‌ನ ಟೇಬಲ್. "ಬಟನ್ ಒತ್ತಿ ಒತ್ತಿ ಹುಡುಗರ ಬೆರಳು ಸವೆದು ಹೋಯ್ತು ಕಣೋ, ವಿಡಿಯೋ ಗೇಮ್ ತರ ಒಂದು ಕಡ್ಡಿ ಹಾಕಿಕೊಡು" ಅಂದ. ಎಸ್.ಪಿ. ರೋಡಿಗೆ ಹೋಗಿ ಜಾಯ್‌ಸ್ಟಿಕ್ ತಂದೆ, ಆರ್ಡುಯಿನೋಗೆ ಜೋಡಿಸಿದೆ, ಅದರಿಂದ ಮೋಟಾರ್ ಡ್ರೈವಿಗೆ. ಕಡ್ಡಿ ಸ್ವಲ್ಪ ಬಾಗಿಸಿದರೆ ಟೇಬಲ್ ನಿಧಾನ, ಪೂರ್ತಿ ಬಾಗಿಸಿದರೆ ಜೋರು. ಅರ್ಧ ದಿನದ ಕೆಲಸ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ಉಬ್ಬಿದೆ.

ಎರಡು ವರ್ಷ ಚೆನ್ನಾಗಿಯೇ ನಡೀತು. ಒಂದು ಸಂಜೆ ಹೆಲ್ಪರ್ ಹುಡುಗ ತಗಡನ್ನ ಕ್ಲಾಂಪಿಗೆ ಕೂರಿಸ್ತಾ ಇದ್ದಾಗ, ಕಡ್ಡಿಯನ್ನ ಯಾರೂ ಮುಟ್ಟದೇ ಇದ್ದಾಗ, ಟೇಬಲ್ ಪೂರ್ತಿ ವೇಗದಲ್ಲಿ ಓಡಿತು. ಲಿಮಿಟ್ ಸ್ವಿಚ್ ತಗುಲಿ ನಿಂತಿತು. ಹುಡುಗ ಕೈ ಎಳೆದುಕೊಂಡಿದ್ದ, ಗ್ಲೌಸ್ ಮಾತ್ರ ಅಲ್ಲೇ ಉಳಿದಿತ್ತು. ಆ ಗ್ಲೌಸ್ ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ.

ಆಗಿದ್ದೇನು ಅಂದ್ರೆ, ಈ ಜಾಯ್‌ಸ್ಟಿಕ್ ಒಳಗಿರೋದು ಆಕ್ಸಿಸ್‌ಗೊಂದರಂತೆ 10 ಕಿಲೋ ಓಮ್ ಪಾಟ್. ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಗೆ ಗ್ರೌಂಡ್, ನಡುವಿನದು ಸಿಗ್ನಲ್. ಆರ್ಡುಯಿನೋ ಅದನ್ನ 0ಯಿಂದ 1023ರ ತನಕ ಓದುತ್ತೆ. ಕಡ್ಡಿ ನೆಟ್ಟಗಿದ್ದರೆ 512ರ ಆಸುಪಾಸು. ಆದರೆ ಗ್ರೌಂಡ್ ವೈರ್ ಒಂದು ತುಂಡಾದರೆ? ಸಿಗ್ನಲ್ ಸೀದಾ 5 ವೋಲ್ಟಿಗೆ ಏರುತ್ತೆ, ಅಂದ್ರೆ 1023, ಅಂದ್ರೆ "ಪೂರ್ತಿ ಬಾಗಿಸಿದ್ದಾರೆ, ಓಡು!" 5 ವೋಲ್ಟ್ ವೈರ್ ಹೋದರೆ 0, ಆಗ ಹಿಂದಕ್ಕೆ ಓಟ. ಕೇಬಲ್ ಉಜ್ಜಿ ಉಜ್ಜಿ ಒಳಗೇ ತುಂಡಾಗಿತ್ತು. ಕಂಟ್ರೋಲರ್ ಪಾಪ, ನಾನು ಹೇಳಿಕೊಟ್ಟ ಹಾಗೇ ನಡೆದುಕೊಂಡಿತ್ತು.

ಇಲ್ಲೇ ನನ್ನ ತಕರಾರು. ಇಂಟರ್ನೆಟ್ಟಿನಲ್ಲಿ ನಾನು ನೋಡಿ ಕಲಿತ ವಿಡಿಯೋಗಳಲ್ಲಿ "ಹೀಗೆ ಜೋಡಿಸಿ, ನೋಡಿ ಓಡ್ತು" ಅನ್ನೋ ತನಕ ಮಾತ್ರ ಇತ್ತು. ವೈರ್ ಕಿತ್ತು ತೋರಿಸಿದವರು ಒಬ್ಬರೂ ಸಿಗಲಿಲ್ಲ. ನಾನೂ ಕಿತ್ತು ನೋಡಲಿಲ್ಲ, ಡೆಡ್‌ಬ್ಯಾಂಡ್ ಎಷ್ಟಿರಬೇಕು ಅಂತ ಎರಡು ಗಂಟೆ ತಲೆ ಕೆಡಿಸಿಕೊಂಡಿದ್ದೆ ಅಷ್ಟೇ. ನನ್ನ ಪ್ರಕಾರ ಕೆಲಸ ಮುಗೀತು ಅನ್ನೋ ಮೊದಲು ಮೂರೂ ವೈರನ್ನ ಒಂದೊಂದಾಗಿ ಕಿತ್ತು ನೋಡಲೇಬೇಕು.

ಈಗ ಮಾಡಿದ್ದು ಇಷ್ಟು. ಪಾಟ್‌ನ ಎರಡೂ ತುದಿಗೆ ಒಂದೊಂದು 1 ಕಿಲೋ ಓಮ್ ರೆಸಿಸ್ಟರ್. ಹೀಗಾದಾಗ ಕಡ್ಡಿಯನ್ನ ಎಷ್ಟೇ ಬಾಗಿಸಿದರೂ ಲೆಕ್ಕ ಸುಮಾರು 85ರಿಂದ 938ರ ಒಳಗೇ ಇರುತ್ತೆ. 50ಕ್ಕಿಂತ ಕೆಳಗೆ ಅಥವಾ 975ಕ್ಕಿಂತ ಮೇಲೆ ಬಂತು ಅಂದ್ರೆ ಅದು ಮನುಷ್ಯನ ಕೈ ಅಲ್ಲ, ತುಂಡಾದ ವೈರು... ನಿಲ್ಲಿಸು. ನಡುವಿನ ವೈರ್ ಹೋದರೆ ಲೆಕ್ಕ ಗಾಳಿಪಟದ ಹಾಗೆ ಎಲ್ಲೆಲ್ಲೋ ತೇಲುತ್ತೆ, ಅದಕ್ಕೆ ಕಂಟ್ರೋಲರ್ ಕಡೆಯಿಂದ 1 ಮೆಗಾ ಓಮ್ ರೆಸಿಸ್ಟರ್ ಗ್ರೌಂಡಿಗೆ; ಆಗ ಅದೂ 0ಗೆ ಇಳಿದು ಸಿಕ್ಕಿಬೀಳುತ್ತೆ. ಆಕ್ಸಿಸ್‌ಗೆ ಮೂರು ರೆಸಿಸ್ಟರ್. ಒಂದು ಕಾಫಿಯ ದುಡ್ಡೂ ಆಗಲ್ಲ ಮಾರಾಯ್ರೇ!

ಜೊತೆಗೆ, ಕರೆಂಟ್ ಬಂದ ಕೂಡಲೇ ಕಡ್ಡಿ ನಡುವಿನಲ್ಲಿದೆಯಾ ಅಂತ ನೋಡದೆ ಅಲುಗಾಡೋ ಹಾಗಿಲ್ಲ. ಸ್ಪಿಂಡಲ್ ಮೋಟಾರಿನ ಕೇಬಲ್ ಪಕ್ಕದಲ್ಲೇ ಸಿಗ್ನಲ್ ವೈರ್ ಎಳೆದಿದ್ದೆ, ಅದನ್ನೂ ದೂರ ಸರಿಸಿದೆ.

ದೊಡ್ಡ ಜಗಳ ಆಗಿದ್ದು ಹಿಡಿದಿಟ್ಟುಕೊಳ್ಳೋ ಸ್ವಿಚ್ ಬಗ್ಗೆ. ಒಂದು ಕೈಯಲ್ಲಿ ಅದನ್ನ ಒತ್ತಿ ಹಿಡಿದಿದ್ದರೆ ಮಾತ್ರ ಕಡ್ಡಿಗೆ ಜೀವ. ಬಿಟ್ಟರೆ ಡ್ರೈವಿನ ಎನೇಬಲ್ ಲೈನೇ ಕಟ್. ಒಳ್ಳೆ ಸ್ವಿಚ್ಚಿನಲ್ಲಿ ಮೂರು ಸ್ಥಾನ ಇರುತ್ತೆ, ಗಾಬರಿಯಾಗಿ ಗಟ್ಟಿಯಾಗಿ ಅದುಮಿದರೂ ನಿಲ್ಲುತ್ತೆ. ಗಾಬರಿಯಾದವನು ಕೈ ಬಿಡ್ತಾನೋ ಅದುಮ್ತಾನೋ ಯಾರಿಗೆ ಗೊತ್ತು! ಗೆಳೆಯ ಅದರ ರೇಟ್ ಕೇಳಿ, "ಜಾಯ್‌ಸ್ಟಿಕ್‌ಗಿಂತ ಸ್ವಿಚ್ಚೇ ದುಬಾರಿ, ಸಾಫ್ಟ್‌ವೇರಲ್ಲೇ ಮಾಡೋಕಾಗಲ್ವಾ?" ಅಂದ. ಆಗಲ್ಲ. ಸಾಫ್ಟ್‌ವೇರ್ ಬರೆದವನು ನಾನೇ ಅಲ್ವಾ, ನನ್ನ ಮೇಲೆ ನನಗೇ ಆ ನಂಬಿಕೆ ಇಲ್ಲ. ಎಮರ್ಜೆನ್ಸಿ ಬಟನ್ ಕೂಡ ಹಾಗೇ, ಅದು ಪ್ರೋಗ್ರಾಂ ಕೇಳಿಕೊಂಡು ನಿಲ್ಲಿಸಬಾರದು, ಸೀದಾ ಡ್ರೈವಿನ ಕರೆಂಟನ್ನೇ ಕಡಿಯಬೇಕು. ಇದೆಲ್ಲಾ ಅತಿಯಾಯ್ತು ಅನ್ನೋವರಿಗೆ ಆ ಗ್ಲೌಸ್ ತೋರಿಸ್ತೀನಿ, ಇನ್ನೂ ಇಟ್ಟುಕೊಂಡಿದ್ದೀನಿ.

ಮೂರು ದಿನ ವಾದ ಮಾಡಿ ಕೊನೆಗೆ ಒಪ್ಪಿದ. ಈಗ ಹುಡುಗ ಬೆಳಿಗ್ಗೆ ಮಷೀನ್ ಹಾಕಿದ ಮೇಲೆ ದೂರ ನಿಂತು ಜಾಯ್‌ಸ್ಟಿಕ್ ಕನೆಕ್ಟರ್ ಒಮ್ಮೆ ಕಿತ್ತು, ಕೆಂಪು ದೀಪ ಬಂತಾ ನೋಡಿ, ಮತ್ತೆ ಹಾಕಿ ಕೆಲಸ ಶುರು ಮಾಡ್ತಾನೆ. ನಾನು ಹೇಳಿಕೊಟ್ಟಿದ್ದಲ್ಲ, ಅವನೇ ಮಾಡಿಕೊಂಡ ಪದ್ಧತಿ.

ನನ್ನ ಕೈಯಲ್ಲೇ ಆದ ಇಂಥದ್ದೇ ಇನ್ನೊಂದು ಮಷೀನ್ ಬೇರೆ ಶೆಡ್‌ನಲ್ಲಿದೆ. ಶನಿವಾರ ರೆಸಿಸ್ಟರ್ ಪೊಟ್ಟಣ ಹಿಡಿದು ಅಲ್ಲಿಗೆ ಹೊರಟಿದ್ದೀನಿ.