ದೇಯಿಯ ಕತೆಯನ್ನು ಹದಿನೈದರ ಹುಡುಗಿಯಿಂದ ಮುಚ್ಚಿಡಬೇಡಿ

2022ರಲ್ಲಿ ‘ಕಾಂತಾರ’ ತೆರೆಗೆ ಬಂದಾಗ ಶುರುವಾದ ಜಗಳ ಇನ್ನೂ ನಿಂತಿಲ್ಲ. ತುಳುನಾಡಿನ ದೈವಗಳ ಕತೆಯನ್ನು ಯಾರು ಹೇಳಬಹುದು, ಎಷ್ಟು ಹೇಳಬಹುದು? 2025ರಲ್ಲಿ ‘ಕಾಂತಾರ ಚಾಪ್ಟರ್ 1’ ಬಂದಾಗಲಂತೂ ಕೆಲವರು ಚಿತ್ರಮಂದಿರದೊಳಗೇ ದೈವದ ಅನುಕರಣೆಗಿಳಿದರು. ಹಾಗೆ ಮಾಡಬೇಡಿ ಎಂದು ನಿರ್ಮಾಣ ಸಂಸ್ಥೆಯೇ ಬೇಡಿಕೊಳ್ಳಬೇಕಾಯಿತು. ನೇಮ ಎಂದರೆ ದೈವಗಳ ಆರಾಧನೆ. ಅದರ ಕಾಲಿನ ಗಗ್ಗರ, ಬೆನ್ನಿನ ಅಣಿ, ದೈವದ ನುಡಿ ಯಾರದೋ ಮೋಜಿಗಿರುವುದಲ್ಲ. ಕೆರಳಿದವರ ಸಿಟ್ಟು ನ್ಯಾಯವಾದದ್ದು, ಅದರಲ್ಲಿ ನಾನೂ ಪಾಲುದಾರ.

ಆದರೆ ಆ ಸಿಟ್ಟು ಈಗ ಕತೆಯ ಮೇಲೂ ತಿರುಗುತ್ತಿದೆ. ದೈವಗಳ ಕತೆ ಹೇಳುವ ತುಳು ಹಾಡಾದ ಪಾಡ್ದನವನ್ನು ಮುಟ್ಟಬೇಡಿ, ಕಾದಂಬರಿ ಮಾಡಬೇಡಿ, ಮಕ್ಕಳಿಗಂತೂ ಬದಲಿಸಿ ಬರೆಯಲೇಬೇಡಿ ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪಲಾರೆ.

ಪಾಡ್ದನ ಎಂದೂ ದೈವಗಳ ಗುಡಿಯಾದ ಗರಡಿಯ ಅಂಗಳಕ್ಕಷ್ಟೇ ಸೇರಿದ್ದಲ್ಲ. ನೇಜಿ ನೆಡುವ ಹೆಂಗಸರು ಮೊಣಕಾಲು ಕೆಸರಿನಲ್ಲಿ ನಿಂತು ಅದನ್ನು ಹಾಡಿದ್ದಾರೆ. ಒಬ್ಬಳು ಎಳೆದದ್ದನ್ನು ಇನ್ನೊಬ್ಬಳು ಮೊಟಕು ಮಾಡಿದ್ದಾಳೆ, ಊರಿನಿಂದ ಊರಿಗೆ ಹೆಸರು, ಘಟನೆ ಬೇರೆಯಾಗಿವೆ. 1886ರಲ್ಲಿ ಬಾಸೆಲ್ ಮಿಷನ್ನಿನ ಮೆನ್ನರ್ ಪಾಡ್ದನಗಳನ್ನು ಅಚ್ಚಿಗೆ ಹಾಕಿದಾಗ ಸಿಕ್ಕಿದ್ದು ಅಂಥ ಹಲವು ಪಾಠಗಳಲ್ಲಿ ಕೆಲವು ಮಾತ್ರ. ಯಾವ ಅಕ್ಷರವನ್ನು ಮುಟ್ಟಬಾರದು ಎನ್ನುತ್ತೀರಿ, ಯಾವ ಹೊಲದಲ್ಲಿ ಹಾಡಿದ್ದನ್ನು?

ಇನ್ನು ಯಾರು ಹೇಳಬಹುದು ಎಂಬ ಪ್ರಶ್ನೆಗೆ ಪಂಜೆ ಮಂಗೇಶರಾಯರೇ ಉತ್ತರ. ಮನೆಮಾತು ಕೊಂಕಣಿ, ಹುಟ್ಟಿದ್ದು ಬಂಟ್ವಾಳದಲ್ಲಿ, ಕೆಲಸ ಮೇಷ್ಟರದು. ಗರಡಿಗಳಲ್ಲಿ ಆರಾಧನೆಗೊಳ್ಳುವ ಬಿಲ್ಲವರ ವೀರರಾದ ಕೋಟಿ ಚೆನ್ನಯರ ತುಳು ಕತೆಯನ್ನು ಅವರು ಕನ್ನಡದ ಗದ್ಯಕ್ಕೆ ತಂದು ಸುಮಾರು ನೂರು ವರ್ಷವಾಯಿತು. ಹದಿಹರೆಯದವರ ಕಾದಂಬರಿ ಎಂಬ ವಿಂಗಡಣೆ ಆಗ ಇರಲಿಲ್ಲ. ಆದರೂ ಆ ಪುಸ್ತಕವನ್ನು ನಾನು ಆ ಸಾಲಿನ ಮೊದಲಿಗೆ ಇಡುತ್ತೇನೆ. ಘಟ್ಟದ ಮೇಲಿನವರು ಕತೆ ನಡೆಯುವ ಪಡುಮಲೆ, ಪಂಜ, ಎಣ್ಮೂರುಗಳ ಹೆಸರು ಕೇಳಿದ್ದೇ ಅದರಿಂದ ಎನ್ನಬಹುದು. ಜಾತಿಯ ಚೀಟಿ ತೋರಿಸಿಯೇ ಬರೆಯಬೇಕೆಂಬ ನಿಯಮ ಅಂದು ಇದ್ದಿದ್ದರೆ ಕನ್ನಡಕ್ಕೆ ಆ ಪುಸ್ತಕವೇ ಇರುತ್ತಿರಲಿಲ್ಲ.

ನನ್ನ ಭಯ ಬೇರೆಯದೇ. ಮಕ್ಕಳಿಗೆಂದು ಕತೆಯನ್ನು ತೊಳೆದು ಒಗೆದು ಕೊಡುವವರ ಭಯ. ಕೋಟಿ ಚೆನ್ನಯರ ಕತೆ ಶುರುವಾಗುವುದೇ ಅವರ ತಾಯಿಯಿಂದ. ಮದುವೆಗೆ ಮುಂಚೆ ಮೈನೆರೆದಳೆಂದು ಒಬ್ಬ ಬ್ರಾಹ್ಮಣ ಹುಡುಗಿಯ ಕಣ್ಣಿಗೆ ಬಟ್ಟೆ ಕಟ್ಟಿ ಕಾಡಿಗೆ ಬಿಡುತ್ತಾರೆ. ಸಾಯನ ಬೈದ್ಯ ಅವಳನ್ನು ಮನೆಗೆ ಕರೆತರುತ್ತಾನೆ. ಅವಳೇ ಮದ್ದು ಬಲ್ಲ ದೇಯಿ ಬೈದೆತಿ. ಪಡುಮಲೆಯ ಅರಸ ಬಲ್ಲಾಳನ ಕಾಲಿಗೆ ಮುಳ್ಳು ಚುಚ್ಚಿ ಪ್ರಾಣಕ್ಕೆ ಬಂದಾಗ ಆ ತುಂಬು ಬಸುರಿ ಹೋಗಿ ಗುಣ ಮಾಡುತ್ತಾಳೆ. ಅವಳಿಜವಳಿಗಳನ್ನು ಹೆತ್ತು ಹೆಚ್ಚು ಕಾಲ ಬದುಕುವುದಿಲ್ಲ.

ಈ ಭಾಗ ಬಂದಾಗ ದೊಡ್ಡವರು ಕೆಮ್ಮುತ್ತಾರೆ. ‘ಕಾಡಿನಲ್ಲಿ ಸಿಕ್ಕ ಮಗು’ ಎಂದು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ಓದುವ ಹದಿನೈದು ವರ್ಷದ ಹುಡುಗಿಗೆ ಈ ಇಡೀ ಕತೆಯಲ್ಲಿ ತನ್ನದೆನಿಸುವ ಜಾಗ ಇದೇ ಅಲ್ಲವೇ? ಮುಟ್ಟಾದ ಕಾರಣಕ್ಕೆ ಹೊರಗಿಟ್ಟವಳನ್ನು ಮುಂದೆ ಅರಸನೇ ಮನೆಗೆ ಕರೆಸಿಕೊಂಡ ಎಂಬುದನ್ನು ಅವಳು ಓದಲಿ. ಕಾಡಿಗೆ ಬಿಟ್ಟವರು ಯಾರು, ಯಾಕೆ ಎಂದು ಕೇಳಲಿ. ಆ ಪ್ರಶ್ನೆಗೆ ಹೆದರಿ ಪುಟ ಹರಿಯುವುದು ಭಕ್ತಿಯಲ್ಲ.

ದೇಯಿಯ ಮಕ್ಕಳಾದ ಕೋಟಿ ಚೆನ್ನಯರ ಸಿಟ್ಟಿಗೂ ಹೀಗೆಯೇ ಬಣ್ಣ ಬಳಿಯುತ್ತಾರೆ. ಪಲ್ಲೆಕಾಯಿ ಆಟದಲ್ಲಿ ಬಲ್ಲಾಳನ ಮಂತ್ರಿ ಬುದ್ಯಂತನಿಂದ ಆದ ಅನ್ಯಾಯ, ಮುಂದೆ ಅವನ ಗದ್ದೆಗೂ ತಮ್ಮ ಗದ್ದೆಗೂ ನಡುವಿನ ನೀರಿನ ತಕರಾರು, ಅಮ್ಮನ ಉಪಕಾರಕ್ಕೆ ಕೊಟ್ಟ ಮಾತನ್ನು ನಡೆಸದ ಬಲ್ಲಾಳ. ಬುದ್ಯಂತನನ್ನು ಕೊಂದು ಊರು ಬಿಟ್ಟ ಹುಡುಗರ ಹಿಂದೆ ಇಷ್ಟೆಲ್ಲ ಇದೆ. ಗದ್ದೆ, ನೀರು, ಮಾತು ಮೂರನ್ನೂ ತೆಗೆದು ಕೈಗೆ ಸುರಿಯ ಎಂಬ ಕಠಾರಿ ಕೊಟ್ಟರೆ ಉಳಿಯುವುದು ಹೊಡೆದಾಟ ಮಾತ್ರ. ಇವತ್ತು ಹದಿಹರೆಯದವರಿಗೆ ಪುರಾಣದ ಹೆಸರಿನಲ್ಲಿ ಮಾರುತ್ತಿರುವುದರಲ್ಲಿ ಇಂಥದೇ ಹೆಚ್ಚು. ಇದು ಕತೆಗೆ ಮಾಡುವ ಅವಮಾನ. ಆದರೆ ದೈವನಿಂದೆಯ ಕೂಗೆಬ್ಬಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಹಾಗಾಗಿ ಬರೆಯುವವರು ಬರೆಯಲಿ, ಧೈರ್ಯವಾಗಿ ಬದಲಿಸಲಿ. ಕೋಟಿ ಚೆನ್ನಯರ ಅಕ್ಕ ಕಿನ್ನಿದಾರುವಿನ ಬಾಯಲ್ಲೇ ಇಡೀ ಕತೆ ಹೇಳಿಸಲಿ. ತಮ್ಮಂದಿರು ಯಾರೆಂದೇ ತಿಳಿಯದೆ ಪಂಜದಲ್ಲಿ ಸಂಸಾರ ಮಾಡಿಕೊಂಡಿದ್ದವಳು ಅವಳು. ಅಂಥ ಕಾದಂಬರಿ ಬಂದರೆ ನಾನು ಮೊದಲ ಸಾಲಿನಲ್ಲಿ ನಿಂತು ಕೊಳ್ಳುತ್ತೇನೆ. ನೇಮದ ಒಳಗಿನ ನುಡಿ, ವಿಧಿಗಳನ್ನು ಮಾತ್ರ ಆರಾಧಿಸುವವರಿಗೇ ಬಿಟ್ಟುಬಿಡಲಿ. ಸಿನಿಮಾ ನೋಡಿ ಕೂತಲ್ಲೇ ಬರೆಯದೆ ಗರಡಿಗಳಿಗೆ ಹೋಗಲಿ, ಪಾಡ್ದನ ಬಲ್ಲ ಹೆಂಗಸರ ಮುಂದೆ ದಿನಗಟ್ಟಲೆ ಕೂತು ಕೇಳಲಿ. ಪ್ರಕಾಶಕರು ಆ ಹಾಡುಗಾರ್ತಿಯರ ಹೆಸರನ್ನು ಪುಸ್ತಕದ ಹೊದಿಕೆಯ ಮೇಲೆಯೇ ಹಾಕಲಿ, ಗೌರವಧನದಲ್ಲಿ ಅವರಿಗೆ ಪಾಲು ಕೊಡಲಿ.