ಬಣ್ಣ ಹಾಕದೆ ಕಾಣದು

ಸೂಕ್ಷ್ಮದರ್ಶಕವಿದ್ದ ಮಾತ್ರಕ್ಕೆ ಎಲ್ಲವೂ ಕಂಡೀತೆಂಬುದು ಭ್ರಮೆ. ಕ್ರಿಪ್ಟೊಸ್ಪೊರಿಡಿಯಂ ಎಂಬ ಕರುಳಿನ ಪರಾವಲಂಬಿಯ ಕೋಶವು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ಅಗಲ; ಮಸೂರಕ್ಕೆ ಇದೇನೂ ಅಸಾಧ್ಯವಲ್ಲ. ಆದರೆ ಬಣ್ಣ ಹಾಕದ ಮಲದ ಮಾದರಿಯಲ್ಲಿ ಅದಕ್ಕೂ ಯೀಸ್ಟ್ ಕಣಕ್ಕೂ ಭೇದ ತಿಳಿಯದು. ಕ್ಷಯದ ಪತ್ತೆಗೆ ಬಳಸುವ ಬಣ್ಣಗಾರಿಕೆಯನ್ನೇ ತುಸು ಮಾರ್ಪಡಿಸಿದರೆ, ನೀಲಿ ಹಿನ್ನೆಲೆಯಲ್ಲಿ ಕೆಂಪು ಬಿಂದುವಾಗಿ ಎದ್ದು ನಿಲ್ಲುತ್ತದೆ.

ಆರೋಗ್ಯವಂತರಲ್ಲಿ ಒಂದೆರಡು ವಾರದ ಭೇದಿಯಾಗಿ ಮುಗಿಯುವ ಈ ಬೇನೆ, ಎಚ್‌ಐವಿ ಸೋಂಕಿನಿಂದ ಸಿಡಿ4 ಕಣಗಳು ತೀರ ಕುಗ್ಗಿದವರನ್ನು ತಿಂಗಳುಗಟ್ಟಲೆ ಸವೆಸುತ್ತದೆ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಲ್ಲಿಯ ನೀರಿನಿಂದ ಸುಮಾರು 4 ಲಕ್ಷ ಜನಕ್ಕೆ ತಗುಲಿದಾಗ, ಸತ್ತವರಲ್ಲಿ ಹೆಚ್ಚಿನವರು ಏಡ್ಸ್ ಪೀಡಿತರು. ಕ್ಲೋರಿನ್ನಿಗೆ ಅದು ಜಗ್ಗದು, ಕುದಿಸಿದರೆ ಸಾಯುತ್ತದೆ.

ನಮ್ಮ ಮೈಸೂರಿನಲ್ಲಿ 1924ರಷ್ಟು ಹಳೆಯ ವೈದ್ಯಕೀಯ ಕಾಲೇಜಿದೆ, ಎಚ್‌ಐವಿ ಪೀಡಿತರ ಆರೈಕೆಗೆ ಹೆಸರಾದ ಆಶಾಕಿರಣ ಆಸ್ಪತ್ರೆಯಿದೆ. ಆದರೆ ಭೇದಿಯಾದವರು ಮೊದಲು ಹೋಗುವುದು ಬಡಾವಣೆಯ ಸಣ್ಣ ಪ್ರಯೋಗಾಲಯಕ್ಕೆ. ಚೀಟಿಯಲ್ಲಿ ‘ಮಲಪರೀಕ್ಷೆ’ ಎಂದಷ್ಟೇ ಇದ್ದರೆ ಅಲ್ಲಿ ಬಣ್ಣ ಹಾಕುವವರಾರು? ‘ಕಾಣಲಿಲ್ಲ’ ಎಂಬ ವರದಿಯನ್ನು ‘ಇಲ್ಲ’ ಎಂದು ಓದಿಕೊಳ್ಳುವುದು ಭೌತವಿಜ್ಞಾನ ಕಲಿಸುವ ನಮಗೆ ಸಹಿಸಲಾಗದ ತರ್ಕ.

ಅದೇ ಬಣ್ಣವು ತೋರಿಸುವ ಸಿಸ್ಟೊಐಸೊಸ್ಪೊರ ಎಂಬ ಇನ್ನೊಂದು ಜೀವಿ ಅಗ್ಗದ ಕೋಟ್ರೈಮಾಕ್ಸಜೋಲ್ ಮಾತ್ರೆಗೆ ಬಗ್ಗುತ್ತದೆ. ಕ್ರಿಪ್ಟೊಸ್ಪೊರಿಡಿಯಂ ತಗ್ಗಬೇಕಾದರೆ ಎಚ್‌ಐವಿ ಔಷಧಿಗಳಿಂದ ಸಿಡಿ4 ಮೇಲೇರಬೇಕು. ಅವನ್ನು 2004ರಿಂದ ಸರ್ಕಾರವೇ ಉಚಿತವಾಗಿ ಕೊಡುತ್ತಿದೆ.

ಆದಕಾರಣ ಎರಡು ವಾರ ದಾಟಿದ ಭೇದಿ ಯಾರದ್ದೇ ಇರಲಿ, ಮಾದರಿಗೆ ಬಣ್ಣ ಹಾಕಲೇಬೇಕೆಂದು ನಾವು ಒತ್ತಾಯಿಸುತ್ತೇವೆ. ಎಲ್ಲರಿಗೂ ಹಾಕಿದರೆ ಚೀಟಿಯ ಮೇಲೆ ಎಚ್‌ಐವಿ ಎಂದು ಬರೆಯುವ ಅಗತ್ಯವೂ ಬೀಳದು.