ತೊಟ್ಟಿಗಳ ಬೆಟ್ಟ

ವಿಶಾಖಪಟ್ಟಣದಿಂದ ಭೀಮುನಿಪಟ್ಟಣದತ್ತ ಸಾಗುವ ಕಡಲತಡಿಯ ದಾರಿಯ ಮಗ್ಗುಲಲ್ಲಿ, ಎರಡು ಸಹಸ್ರ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳು ವಾಸವಾಗಿದ್ದ ತೊಟ್ಲಕೊಂಡವೆಂಬ ಗುಡ್ಡವಿದೆ. ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳಿಂದಲೇ ಅದಕ್ಕೆ ಆ ಹೆಸರು. ಧ್ಯಾನಕ್ಕೆಂದು ಬೆಟ್ಟವೇರಿದ ವಿರಕ್ತರೂ ಮಳೆಗಾಲದ ನೀರನ್ನು ಬೇಸಗೆಗೆ ಕೂಡಿಡುವ ಚಿಂತೆಯಿಂದ ಮುಕ್ತರಾಗಿರಲಿಲ್ಲವೆಂಬುದು, ಆ ತೊಟ್ಟಿಯೊಂದರ ಸವೆದ ಅಂಚಿನಲ್ಲಿ ನಿಂತಾಗ ನನಗೆ ಮನವರಿಕೆಯಾಯಿತು. ಶಾಂತಿಯೆಂಬುದು ನಿತ್ಯದ ಕೆಲಸಗಳೆಲ್ಲ ತೀರಿದ ಮೇಲೆ, ರಜೆಯ ದಿನ, ದೂರದ ಶಿಬಿರದಲ್ಲಿ ದೊರೆಯತಕ್ಕ ವಸ್ತುವೆಂಬ ನಮ್ಮ ಭಾವನೆ ಸರಿಯಲ್ಲ. ನಡೆಯುವುದು, ಉಣ್ಣುವುದು, ಭಿಕ್ಷಾಪಾತ್ರೆಯನ್ನು ಹಿಡಿಯುವುದು ಇವನ್ನೂ ಎಚ್ಚರದಿಂದ ಮಾಡಬೇಕೆಂದು ಬೌದ್ಧರ ಸತಿಪಟ್ಠಾನಸುತ್ತವು ವಿಧಿಸುತ್ತದೆ. ನಮ್ಮ 12ನೆಯ ಶತಮಾನದ ಶರಣರು ಕಾಯಕಕ್ಕೆ ಪೂಜೆಯ ಗೌರವವನ್ನಿತ್ತುದೂ ಇದಕ್ಕೆ ದೂರದ ಮಾತಲ್ಲ.

ವಿಜಯವಾಡದಲ್ಲಿ, ನಮ್ಮ ಆಲಮಟ್ಟಿಯನ್ನು ಹಾದುಬಂದ ಕೃಷ್ಣೆಯು 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಬಳಿ ತಡೆದು ನಿಲ್ಲುವೆಡೆ, ಒಂದು ಮುಂಜಾನೆ ಅಂಥ ಎಚ್ಚರದಿಂದ ಕೆಲಸಮಾಡುತ್ತಿದ್ದ ಒಬ್ಬ ವೃದ್ಧೆಯನ್ನು ಕಂಡೆನು. ಮೇಲೆ ಸೇತುವೆಯಲ್ಲಿ ವಾಹನಗಳು ಭೋರ್ಗರೆಯುತ್ತಿರಲು, ಆಕೆ ಮೆಟ್ಟಿಲಿನ ಮೇಲೆ ಕುಳಿತು ಹುಣಸೆಹಣ್ಣಿನಿಂದ ತಾಮ್ರದ ತಂಬಿಗೆಯೊಂದನ್ನು ತಿಕ್ಕುತ್ತಿದ್ದಳು. ಒಮ್ಮೆ ತೊಳೆದಳು, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು, ಕಂಠದ ಕೆಳಗೆ ಉಳಿದಿದ್ದ ಸಣ್ಣದೊಂದು ಕಪ್ಪುಕಲೆಯನ್ನು ಹೆಬ್ಬೆರಳಿನಿಂದ, ಯಾವ ಅವಸರವೂ ಇಲ್ಲದೆ, ಮತ್ತೆ ತಿಕ್ಕತೊಡಗಿದಳು.